ಗಂಟೆ ಎಷ್ಟಾಯಿತು?

ಕೈಗಡಿಯಾರವು ಎರಡು ನಿಮಿಷ ಹಿಂದೆ ಬಿದ್ದರೆ ಮನುಷ್ಯನಿಗೆ ರೈಲು ತಪ್ಪೀತು, ಅಷ್ಟೆ. ಗಣಕಯಂತ್ರಗಳ ಲೋಕದಲ್ಲಿ ಅರೆಕ್ಷಣದ ಹೆಚ್ಚುಕಡಿಮೆಯೂ ಅನಾಹುತಕ್ಕೆ ಸಾಕು. ಒಂದು ಯಂತ್ರದಿಂದ ಹೊರಟ ಹಣವು, ಮತ್ತೊಂದರ ದಾಖಲೆಯಂತೆ, ಹೊರಡುವ ಮೊದಲೇ ಬಂದು ಸೇರಿರುತ್ತದೆ! ತಂದೆಗಿಂತ ಮುಂಚೆ ಮಗ ಹುಟ್ಟಿದಂಥ ಈ ಲೆಕ್ಕವನ್ನು ಯಾವ ಗುಮಾಸ್ತ ತಾನೆ ಒಪ್ಪಿಯಾನು?

ಯಂತ್ರದೊಳಗೆ ಕಾಲವನ್ನೆಣಿಸುವುದು ಸ್ಫಟಿಕದ ಒಂದು ಚೂರು. ಶೀತೋಷ್ಣಗಳಿಗೆ ಅದರ ಮಿಡಿತ ಏರುಪೇರಾಗಿ, ದಿನಕ್ಕೊಂದು ಸೆಕೆಂಡು ತಪ್ಪುವುದು ಅಪರೂಪವಲ್ಲ. ಪರಮಾಣು ಗಡಿಯಾರವುಳ್ಳ ಯಂತ್ರವನ್ನು ಕೇಳಿ ತಿದ್ದಿಕೊಳ್ಳಬಹುದಲ್ಲ ಎನ್ನುವಿರಾ? ತೊಡಕಿರುವುದೇ ಅಲ್ಲಿ. ‘ಹತ್ತು ಗಂಟೆ’ ಎಂಬ ಉತ್ತರವು ತಂತಿಯಲ್ಲಿ ಹರಿದು ಬರುವಷ್ಟರಲ್ಲಿ ಹತ್ತು ಗಂಟೆ ಕಳೆದುಹೋಗಿರುತ್ತದೆ.

ಈ ತೊಡಕನ್ನು ಬಿಡಿಸಲು ಬಾಳನ್ನೇ ಮುಡಿಪಿಟ್ಟವರು ಅಮೆರಿಕದ ಡೇವಿಡ್ ಮಿಲ್ಸ್. 1938ರಲ್ಲಿ ಜನಿಸಿದ ಅವರಿಗೆ ಹುಟ್ಟಿನಿಂದಲೇ ಗ್ಲಾಕೋಮಾ ಎಂಬ ನೇತ್ರರೋಗ. ಬಾಲ್ಯದಲ್ಲಿ ನಡೆದ ಶಸ್ತ್ರಚಿಕಿತ್ಸೆಯಿಂದ ಎಡಗಣ್ಣಿನಲ್ಲಿ ತುಸು ದೃಷ್ಟಿ ಉಳಿಯಿತು. 1985ರಲ್ಲಿ ಅವರು ಪ್ರಕಟಿಸಿದ ‘ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್’ ವಿಧಾನದ ತಿರುಳು ಸರಳವಾದುದು. ಪ್ರಶ್ನೆ ಹೊರಟ ಗಳಿಗೆ, ತಲುಪಿದ ಗಳಿಗೆ, ಉತ್ತರ ಹೊರಟ ಗಳಿಗೆ, ಮರಳಿದ ಗಳಿಗೆ—ಈ ನಾಲ್ಕನ್ನೂ ಗುರುತಿಸಬೇಕು. ದಾರಿಯಲ್ಲಿ ಹೋಗಿಬರಲು 60 ಮಿಲಿಸೆಕೆಂಡು ಹಿಡಿದರೆ ಬರುವ ದಾರಿಗೆ 30 ಎಂದು ಹಿಡಿದು, ಬಂದ ಉತ್ತರಕ್ಕೆ ಅಷ್ಟನ್ನು ಕೂಡಿಸಬೇಕು.

ಆದರೆ ಹೋಗುವಾಗ 10, ಬರುವಾಗ 50 ಆಗಿದ್ದರೆ? ಆಗ ಗಡಿಯಾರ 20 ಮಿಲಿಸೆಕೆಂಡು ತಪ್ಪುತ್ತದೆ. ಆ ಒಂದೇ ಸಂವಾದದಿಂದ ತಪ್ಪು ಗೊತ್ತಾಗುವಂತೆಯೂ ಇಲ್ಲ. ಆದುದರಿಂದಲೇ ಮಿಲ್ಸ್ ಒಬ್ಬರ ಮಾತನ್ನೇ ನಂಬಲಿಲ್ಲ. ಹಲವು ಯಂತ್ರಗಳನ್ನು ವಿಚಾರಿಸಿ, ಉಳಿದವುಗಳೊಡನೆ ಹೊಂದದ ಸಾಕ್ಷಿಯನ್ನು ತಳ್ಳಿಹಾಕಿ, ತಡವಿಲ್ಲದೆ ಬಂದ ಉತ್ತರಕ್ಕೆ ಹೆಚ್ಚು ಮನ್ನಣೆಯಿತ್ತರು.

ತಪ್ಪು ತಿಳಿದ ಮೇಲೂ ಮುಳ್ಳನ್ನು ಥಟ್ಟನೆ ಹಿಂದಕ್ಕೆ ತಿರುಗಿಸಿದರೆ ಕಳೆದ ಕ್ಷಣವೇ ಮತ್ತೆ ಬಂದು ದಾಖಲೆಗಳು ಕಲಸಿಹೋಗುತ್ತವೆ. ಅಂತೆಯೇ ಸಣ್ಣ ತಪ್ಪುಗಳಿದ್ದಾಗ ಗಡಿಯಾರದ ನಡಿಗೆಯನ್ನು ಮಾತ್ರ ಕೊಂಚ ಮಂದವೋ ಚುರುಕೋ ಮಾಡುತ್ತಾರೆ. ಸೆಕೆಂಡಿನ ಹತ್ತನೆಯ ಒಂದು ಪಾಲು ಸರಿಹೋಗಲು ಕಡೇಪಕ್ಷ 200 ಸೆಕೆಂಡು ಬೇಕು. ಎಂತಹ ತಾಳ್ಮೆ!

ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ದಶಕಗಳ ಕಾಲ ಈ ಕಾರ್ಯವನ್ನೇ ತಿದ್ದಿ ತೀಡಿದ ಮಿಲ್ಸ್, ಕೊನೆಯ ವರ್ಷಗಳಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡರು; 2024ರ ಜನವರಿ 17ರಂದು ತೀರಿಕೊಂಡರು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದ ಎಣಿಸುವ ಭಾರತೀಯ ಕಾಲಮಾನವನ್ನು ಗಣಕಯಂತ್ರಗಳು ಕೇಳಿ ತಿಳಿಯುವುದೂ ಅವರ ವಿಧಾನದಿಂದಲೇ.