ಬೀದಿಗಳೇ ಬಂದು ಹಾಡಿದವು

ಐದನೇ ಸೆಮಿಸ್ಟರ್‌ ಸೆಮಿನಾರಿಗೆ ನನಗೆ ಸಿಕ್ಕಿದ ವಿಷಯ ‘ಹಳೇ ನಗರದೊಳಗೆ ಹೊಸ ರಸ್ತೆ’. ಸಿವಿಲ್ ಓದುವವರಿಗೂ ಸಪ್ಪೆ ಅನಿಸುವ ವಿಷಯ. ಉದಾಹರಣೆಗೆಂದು ಸ್ಪೇನ್‌ ರಾಜಧಾನಿ ಮ್ಯಾಡ್ರಿಡ್‌ನ ‘ಗ್ರಾನ್ ವಿಯಾ’ ಆರಿಸಿಕೊಂಡೆ. ದೊಡ್ಡ ರಸ್ತೆ ಎಂದಷ್ಟೇ ಆ ಹೆಸರಿನ ಅರ್ಥ. ಒಂದು ರಾತ್ರಿ ಹಾಸ್ಟೆಲ್‌ನಲ್ಲಿ ಅದರ ನಕ್ಷೆ ಹುಡುಕುತ್ತಿದ್ದಾಗ ಅದೇ ಹೆಸರಿನ ಒಂದು ಹಾಡು ಎದುರಾಯಿತು. ರೂಮ್‌ಮೇಟ್ ಮಲಗಿದ್ದ. ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದೆ. ಕಾಲು ತಾನಾಗಿ ಕುಣಿಯುವಂಥ ಪೋಲ್ಕಾ ಮಟ್ಟಿನಲ್ಲಿ ಒಂದು ಗುಂಪು ಹಾಡುತ್ತಿತ್ತು. ಯಾರು ಇವರು ಎಂದು ನೋಡಿದರೆ, ಮ್ಯಾಡ್ರಿಡ್‌ನ ಬೀದಿಗಳು! ಹೊಸ ರಸ್ತೆ ಬಂದರೆ ನಮ್ಮ ಗತಿ ಏನು ಎಂಬ ಚಿಂತೆಯಲ್ಲಿ ಬೀದಿಗಳೂ ಚೌಕಗಳೂ ಒಟ್ಟಾಗಿ ರಂಗಕ್ಕೆ ಬಂದಿದ್ದವು.

ನಗು ಬರಬೇಕಿತ್ತು, ಬರಲಿಲ್ಲ. ಹಿಂದಿನ ತಿಂಗಳಷ್ಟೇ ನಮ್ಮೂರ ಮುಖ್ಯರಸ್ತೆ ಅಗಲೀಕರಣಕ್ಕೆಂದು ಅಪ್ಪನ ಟೈಲರಿಂಗ್ ಅಂಗಡಿಯ ಗೋಡೆಗೆ ಕೆಂಪು ಬಣ್ಣದ ಗುರುತು ಬಿದ್ದಿತ್ತು.

ಹೀಗೆ ಮಾತು, ಹಾಡು, ಕುಣಿತ ಬೆರೆತ ನಾಟಕಕ್ಕೆ ಸ್ಪೇನ್‌ನಲ್ಲಿ ‘ಸಾರ್ಸುವೆಲಾ’ ಎನ್ನುತ್ತಾರೆ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದರ ಅಂದಾಜು ಬೇಗ ಸಿಗುತ್ತದೆ. ಇದು ಹುಟ್ಟಿದ್ದು ಮಾತ್ರ 17ನೇ ಶತಮಾನದ ರಾಜಾಸ್ಥಾನದಲ್ಲಿ. ಮ್ಯಾಡ್ರಿಡ್ ಹೊರವಲಯದಲ್ಲಿ ಅರಸರು ಬೇಟೆಗೆ ಹೋದಾಗ ತಂಗುತ್ತಿದ್ದ ಅರಮನೆಯೊಂದಿತ್ತು. ಮುಳ್ಳುಪೊದೆಗಳಿಂದಾಗಿ ಅದಕ್ಕೆ ಸಾರ್ಸುವೆಲಾ ಎಂಬ ಹೆಸರು. ಅರಮನೆಯ ಹೆಸರೇ ಈ ನಾಟಕಕ್ಕೂ ಅಂಟಿತು. ಆಗ ರಂಗದ ಮೇಲೆ ದೇವತೆಗಳಿದ್ದರು. ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಅವರ ಜಾಗಕ್ಕೆ ಕ್ಷೌರಿಕ, ಮನೆಗೆಲಸದವಳು, ಜೇಬುಗಳ್ಳ ಬಂದು ನಿಂತರು. ಈ ಬದಲಾವಣೆಯೇ ನನ್ನನ್ನು ಹಿಡಿದು ಕೂರಿಸಿದ್ದು.

‘ಲಾ ಗ್ರಾನ್ ವಿಯಾ’ ಮೊದಲು ಪ್ರದರ್ಶನಗೊಂಡಿದ್ದು 1886ರ ಜುಲೈ 2ರಂದು. ಸಂಗೀತ ಫೆಡೆರಿಕೊ ಚ್ವೆಕಾ ಮತ್ತು ಹ್ವಾಕಿನ್ ವಾಲ್ವೆರ್ದೆ ಅವರದು. ಒಂದೇ ಅಂಕದ ಈ ನಾಟಕದಲ್ಲಿ ಎಷ್ಟು ಬಗೆಯ ಮಟ್ಟುಗಳಿವೆ ನೋಡಿ. ಬೀದಿಗಳಿಗೆ ಪೋಲ್ಕಾ. ಕಾಬಾಯೆರೊ ದೆ ಗ್ರಾಸಿಯಾ ಎಂಬ ಬೀದಿ ಸೊಗಸುಗಾರ ಮುದುಕನ ವೇಷದಲ್ಲಿ ಬಂದು ತನ್ನನ್ನು ತಾನೇ ಹೊಗಳಿಕೊಳ್ಳುವಾಗ ವಾಲ್ಟ್ಜ್. ಮನೆಗೆಲಸದ ಹುಡುಗಿ ಮೆನೆಹಿಲ್ದಾ ಸಂತೆಯ ಲೆಕ್ಕದಲ್ಲಿ ಕಾಸು ಉಳಿಸಿಕೊಳ್ಳುವುದನ್ನು ಕಲಿತ ಕಥೆಗೆ ಟ್ಯಾಂಗೊ. ಪುಟ್ಟ ನಾವಿಕರಿಗೆ ಮಜುರ್ಕಾ. ಅಗ್ಗದ ನೃತ್ಯಶಾಲೆಗೆ ಮ್ಯಾಡ್ರಿಡ್‌ನವರ ಅಚ್ಚುಮೆಚ್ಚಿನ ಚೋಟಿಸ್. ಇನ್ನು ಮೂವರು ಜೇಬುಗಳ್ಳರು ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸುವ ಹಾಡಿಗೆ ಸ್ಪೇನ್‌ನ ಜನಪದ ಕುಣಿತವಾದ ಹೋತಾ. ತತ್ವಜ್ಞಾನಿ ನೀಚೆ 1888ರಲ್ಲಿ ಇಟಲಿಯ ಟ್ಯುರಿನ್‌ನಲ್ಲಿ ಇದನ್ನು ಕೇಳಿ, ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಕಳ್ಳರನ್ನು ಮೆಚ್ಚಿಕೊಂಡ. ಯಾವ ಪಾತ್ರ ಯಾವ ಕುಣಿತಕ್ಕೆ ಸೇರಿದ್ದು ಎಂದು ಗೊತ್ತಾದರೆ ಸಾಕು, ಭಾಷೆ ಬಾರದಿದ್ದರೂ ಅರ್ಧ ನಾಟಕ ಅರ್ಥವಾದಂತೆ.

ಇಂಥ ಚಿಕ್ಕ ನಾಟಕಗಳನ್ನು ಸ್ಪ್ಯಾನಿಷ್‌ನಲ್ಲಿ ‘ಹೆನೆರೊ ಚಿಕೊ’, ಅಂದರೆ ಸಣ್ಣ ಪ್ರಕಾರ ಎಂದು ಕರೆದರು. ಅವು ಬೆಳೆದದ್ದಕ್ಕೆ ಒಂದು ಜಾಣ ಲೆಕ್ಕಾಚಾರ ಕಾರಣ. ಇಡೀ ಸಂಜೆಯ ಟಿಕೆಟ್ ಕೊಳ್ಳಲು ಜನರ ಬಳಿ ಹಣವಿರಲಿಲ್ಲ. ಹಾಗಾಗಿ ರಂಗಮಂದಿರಗಳು ತಲಾ ಒಂದು ಗಂಟೆಯ ನಾಲ್ಕು ಆಟ ಇಟ್ಟು, ಒಂದೊಂದಕ್ಕೂ ಬೇರೆ ಅಗ್ಗದ ಟಿಕೆಟ್ ಮಾರಿದವು. ಕೆಲಸ ಮುಗಿಸಿ ಬಂದವರೂ ಒಂದು ಗಂಟೆ ಕೂತು ನಕ್ಕು ಹೋಗಬಹುದಿತ್ತು. ಚ್ವೆಕಾ ಕೂಡ ನಮ್ಮಂಥವನೇ. ವೈದ್ಯಕೀಯ ಓದುತ್ತಿದ್ದವನು ವಿದ್ಯಾರ್ಥಿಗಳ ಪ್ರತಿಭಟನೆಯಲ್ಲಿ ಸೆರೆ ಸೇರಿ, ಅಲ್ಲೇ ವಾಲ್ಟ್ಜ್‌ಗಳನ್ನು ಬರೆದ. ಡಾಕ್ಟರ್ ಮಾತ್ರ ಆಗಲೇ ಇಲ್ಲ.

ಆಮೇಲೆ ಒಂದೊಂದಾಗಿ ಬೇರೆಯವನ್ನೂ ಕೇಳಿದೆ. ತೋಮಾಸ್ ಬ್ರೆತೊನ್‌ನ ‘ಲಾ ವೆರ್ಬೆನಾ ದೆ ಲಾ ಪಲೋಮಾ’ (1894) ನಾಟಕದ ನಾಯಕ ಅಚ್ಚುಮೊಳೆ ಜೋಡಿಸುವ ಹುಡುಗ. ಅವನು ಪ್ರೀತಿಸಿದವಳು ಮುದುಕ ಔಷಧಿ ವ್ಯಾಪಾರಿಯ ಜೊತೆ ಜಾತ್ರೆಗೆ ಹೋಗುತ್ತಾಳೆ. ಅಷ್ಟೇ ಕಥೆ, ಆದರೆ ಆ ಹುಡುಗನ ಹೊಟ್ಟೆಕಿಚ್ಚು ನಮ್ಮ ಕಾಲೇಜು ಕ್ಯಾಂಟೀನಿನದೇ. ಬಾರ್ಬಿಯೇರಿಯ ‘ಎಲ್ ಬಾರ್ಬೆರಿಯೊ ದೆ ಲಾವಾಪಿಯೆಸ್’ (1874) ಮೂರು ಅಂಕಗಳ ದೊಡ್ಡ ಸಾರ್ಸುವೆಲಾ. ಅದರಲ್ಲಿ ನಾಯಕ ಕ್ಷೌರಿಕ, ನಾಯಕಿ ಬಟ್ಟೆ ಹೊಲಿಯುವವಳು. ಕ್ಯೂಬಾ ಯುದ್ಧದಿಂದ ಊರಿಗೆ ಮರಳಿದ ಸೈನಿಕರ ಮೇಳಗೀತೆಯಿರುವ ‘ಹಿಗಾಂತೆಸ್ ಇ ಕಾಬೆಸುದೊಸ್’ (1898) ಮಾತ್ರ ಗಂಟಲು ಕಟ್ಟಿಸುತ್ತದೆ. ಸ್ಪೇನ್ ಕ್ಯೂಬಾವನ್ನು ಕಳೆದುಕೊಂಡ ವರ್ಷವೇ ಅದು ಬಂದದ್ದು. ಈ ಕಲೆ ಹಡಗು ಹತ್ತಿ ಫಿಲಿಪ್ಪೀನ್ಸ್‌ಗೂ ಹೋಯಿತು. ಅಲ್ಲಿನವರು ಅದನ್ನು ತಮ್ಮ ಭಾಷೆಗೆ ಒಗ್ಗಿಸಿಕೊಂಡು, 1902ರ ‘ವಲಾಂಗ್ ಸುಗತ್’ ನಾಟಕದಲ್ಲಿ ಸ್ಪೇನ್‌ನ ಆಳ್ವಿಕೆಯ ಕ್ರೌರ್ಯವನ್ನೇ ತೋರಿಸಿದರು.

ನನ್ನ ಸೆಮಿನಾರಿನ ರಸ್ತೆ ಏನಾಯಿತು? ನಾಟಕ ಬಂದ 24 ವರ್ಷಗಳ ಬಳಿಕ, 1910ರಲ್ಲಿ ಕೆಲಸ ಶುರುವಾಯಿತು. 300ಕ್ಕೂ ಹೆಚ್ಚು ಮನೆಗಳು ಉರುಳಿದವು. ಇಂದು ಅದು ಮ್ಯಾಡ್ರಿಡ್‌ನ ಹೆಮ್ಮೆಯ ರಸ್ತೆ. ರಸ್ತೆಯೇ ಬೇಡ ಎನ್ನುವವನು ನಾನಲ್ಲ. ನಾಳೆ ರಸ್ತೆ ಗೀಚುವ ಕೆಲಸವೇ ನನಗೆ ಅನ್ನ ಹಾಕಬೇಕು. ಆದರೆ ನಮ್ಮ ನಕ್ಷೆಯಲ್ಲಿ ಬೀದಿ ಎಂದರೆ ಎರಡು ಗೆರೆ, ನಡುವೆ ಒಂದು ಅಳತೆ. ಅಲ್ಲಿ ಒಬ್ಬ ಮೆನೆಹಿಲ್ದಾ ಇದ್ದಾಳೆ ಎಂದು ಯಾವ ಪಠ್ಯವೂ ನನಗೆ ಹೇಳಿರಲಿಲ್ಲ. ಸೆಮಿನಾರಿನಲ್ಲಿ ಒಂದು ನಿಮಿಷ ಪೋಲ್ಕಾ ಕೇಳಿಸಿದೆ. ‘ಇದಕ್ಕೂ ಟ್ರಾಫಿಕ್‌ಗೂ ಏನ್ರೀ ಸಂಬಂಧ?’ ಎಂದರು ಮೇಷ್ಟ್ರು. ಕ್ಲಾಸು ನಕ್ಕಿತು. 25ಕ್ಕೆ 18 ಬಂತು.

ಹಬ್ಬಕ್ಕೆ ಊರಿಗೆ ಹೋದಾಗ ಅದೇ ಹಾಡನ್ನು ಅಂಗಡಿಯಲ್ಲಿ ಹಾಕಿದೆ. ಅಪ್ಪ ಈಗ ದೀಪಾವಳಿಗೆ ಬಟ್ಟೆ ಒಪ್ಪಿಕೊಳ್ಳುತ್ತಾರೆ, ಯುಗಾದಿಗೆ ಎಂದರೆ ‘ಆಮೇಲೆ ನೋಡೋಣ’ ಅನ್ನುತ್ತಾರೆ.

‘ಏನ್ ಹಾಡ್ತಿದಾರೋ?’ ಎಂದು ಕೇಳಿದರು.

‘ಹೊಸ ರಸ್ತೆ ಬರ್ತಿದೆ, ನಮ್ಮ ಗತಿ ಏನು ಅಂತ ಬೀದಿಗಳು ಮಾತಾಡ್ಕೊಳ್ತಿವೆ ಅಪ್ಪ.’

ಅಪ್ಪ ಮೆಷಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಕೇಳಿದರು. ‘ಅದನ್ನ ಇಷ್ಟು ಖುಷಿಯಾಗಿ ಹಾಡ್ತಾರಲ್ಲೋ’ ಎಂದರು. ಆಮೇಲೆ ಮತ್ತೆ ಪೆಡಲ್ ತುಳಿಯತೊಡಗಿದರು. ಹಾಡು ಮುಗಿದ ಮೇಲೆ ‘ಇನ್ನೊಂದ್ಸಲ ಹಾಕು’ ಅಂದರು.