ಚೆಂದದ ಫೋಟೋ ಕೂಡ ರಿಜೆಕ್ಟ್ ಆಗುವುದೇಕೆ?

ನಂದಿಬೆಟ್ಟದ ಚಳಿಯಲ್ಲಿ ಕಾದು ನಿಂತು ಸೂರ್ಯೋದಯದ ಫೋಟೋ ತೆಗೆದಿದ್ದೇವೆ ಎಂದುಕೊಳ್ಳೋಣ. ವಾಟ್ಸ್‌ಆಪ್ ಗುಂಪಿನಲ್ಲಿ ಎಲ್ಲರೂ ಭೇಷ್ ಎನ್ನುತ್ತಾರೆ. 'ಇದನ್ನು ಮಾರಬಹುದಲ್ಲ!' ಎಂದು ಯಾರೋ ಹೇಳಿದ್ದೇ ತಡ, ಅದನ್ನು ಸ್ಟಾಕ್ ಫೋಟೋ ಜಾಲತಾಣವೊಂದಕ್ಕೆ ಕಳುಹಿಸುತ್ತೇವೆ. ಕೆಲವು ದಿನಗಳ ನಂತರ ಬರುವ ಉತ್ತರ: ಸ್ವೀಕರಿಸಿಲ್ಲ. ಕಾರಣದ ಜಾಗದಲ್ಲಿ 'ನಾಯ್ಸ್', 'ಫೋಕಸ್' ಎಂಬ ಒಂದೆರಡು ಪದಗಳಷ್ಟೇ.

ಆಗ ನಮಗೆ ಎರಡು ಅನುಮಾನ ಬರುತ್ತವೆ. ಒಂದು, ನಮ್ಮ ಫೋಟೋ ಚೆನ್ನಾಗಿಲ್ಲ. ಇನ್ನೊಂದು, ನಮ್ಮ ಕ್ಯಾಮೆರಾ ದುಬಾರಿಯದಲ್ಲ. ಬಹಳಷ್ಟು ಸಲ ಎರಡೂ ನಿಜವಲ್ಲ.

ಸ್ಟಾಕ್ ಫೋಟೋ ಎಂದರೆ ಸಿದ್ಧ ಸರಕು

ಜಾಹೀರಾತು, ಪಠ್ಯಪುಸ್ತಕ, ಪತ್ರಿಕೆ, ಜಾಲತಾಣಗಳಿಗೆ ದಿನವೂ ಚಿತ್ರಗಳು ಬೇಕು. ಪ್ರತಿ ಸಲವೂ ಛಾಯಾಗ್ರಾಹಕರನ್ನು ಕರೆಸುವುದು ಕಷ್ಟ. ಹಾಗಾಗಿ ಮೊದಲೇ ತೆಗೆದಿಟ್ಟ ಚಿತ್ರಗಳನ್ನು ಹಣ ಕೊಟ್ಟು ಬಳಸುವ ವ್ಯವಸ್ಥೆ ಬಂತು. ಅವೇ ಸ್ಟಾಕ್ ಫೋಟೋಗಳು. 2003ರಲ್ಲಿ ಪ್ರಾರಂಭವಾದ ಶಟರ್‌ಸ್ಟಾಕ್, ಆಮೇಲೆ ಬಂದ ಅಡೋಬಿ ಸ್ಟಾಕ್ ಮುಂತಾದವು ಇಂತಹ ಅಂಗಡಿಗಳು.

ಇಲ್ಲಿ ಮುಖ್ಯವಾದ ವಿಷಯವೊಂದಿದೆ. ನಮ್ಮ ಚಿತ್ರವನ್ನು ಯಾರು, ಎಲ್ಲಿ, ಎಷ್ಟು ದೊಡ್ಡದಾಗಿ ಬಳಸುತ್ತಾರೆ ಎನ್ನುವುದು ಅಂಗಡಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಪರಿಶೀಲಕರು 'ಇದು ಸುಂದರವಾಗಿದೆಯೇ?' ಎನ್ನುವುದಕ್ಕಿಂತ ಹೆಚ್ಚಾಗಿ 'ಕೊಂಡವರಿಗೆ ಇದರಿಂದ ತೊಂದರೆ ಆಗುವುದಿಲ್ಲ ತಾನೇ?' ಎಂದು ನೋಡುತ್ತಾರೆ. ತಿರಸ್ಕಾರದ ಹೆಚ್ಚಿನ ಕಾರಣಗಳೆಲ್ಲ ಈ ಒಂದು ಪ್ರಶ್ನೆಯಿಂದಲೇ ಹುಟ್ಟುತ್ತವೆ.

ಮೊಬೈಲ್ ಪರದೆಯ ಮೋಸ

ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಸುಮಾರು 4000 x 3000 ಚುಕ್ಕೆಗಳಿರುತ್ತವೆ. ಅದನ್ನು ತೋರಿಸುವ ಪರದೆಯ ಅಗಲ ಮಾತ್ರ ಎಷ್ಟೋ ಫೋನುಗಳಲ್ಲಿ 1080 ಚುಕ್ಕೆ. ಉದ್ದುದ್ದದ ಚಿತ್ರವನ್ನು ಪೂರ್ತಿಯಾಗಿ ನೋಡುವಾಗ ಅದರ ಏಳೆಂಟು ಚುಕ್ಕೆಗಳು ಸೇರಿ ಪರದೆಯ ಒಂದು ಚುಕ್ಕೆಯಾಗುತ್ತವೆ. ಕೈ ತುಸು ಅಲುಗಿದ್ದು, ಫೋಕಸ್ ಕಣ್ಣಿನ ಬದಲು ಕಿವಿಯ ಮೇಲೆ ಬಿದ್ದದ್ದು, ಎಲ್ಲವೂ ಈ ಕುಗ್ಗುವಿಕೆಯಲ್ಲಿ ಮುಚ್ಚಿಹೋಗುತ್ತವೆ.

ಪರಿಶೀಲಕರು ನೋಡುವುದು ಪೂರ್ಣ ಗಾತ್ರದಲ್ಲಿ. ಅದೇ ಚಿತ್ರವನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಸುಮಾರು 13 x 10 ಇಂಚಿನ ಪುಟ ತುಂಬುತ್ತದೆ. ಅಲ್ಲಿ ಯಾವ ದೋಷವೂ ಅಡಗಿ ಕೂರುವುದಿಲ್ಲ.

ಗಾತ್ರದ್ದೂ ಒಂದು ಮಿತಿಯಿದೆ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್ ಎರಡೂ ಕೇಳುವುದು ಕನಿಷ್ಠ 4 ಮೆಗಾಪಿಕ್ಸೆಲ್. ಇದು ಇಂದಿನ ಸಾಧಾರಣ ಮೊಬೈಲಿಗೂ ಸುಲಭ. ಆದರೆ ವಾಟ್ಸ್‌ಆಪ್ ಡೇಟಾ ಉಳಿಸಲು ಚಿತ್ರಗಳನ್ನು ಕುಗ್ಗಿಸುತ್ತದೆ. ಗೆಳೆಯರಿಗೆ ಕಳುಹಿಸಿದ ಪ್ರತಿಯನ್ನೇ ಮತ್ತೆ ಇಳಿಸಿಕೊಂಡು ಸಲ್ಲಿಸಿದರೆ ಅದು ಈ ಮಿತಿಯನ್ನೇ ಮುಟ್ಟದಿರಬಹುದು.

ಮಳೆಹನಿ ಮತ್ತು ನಾಯ್ಸ್

ಬೆಳಕು ಕಡಿಮೆ ಇದ್ದಾಗ ತೆಗೆದ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಬಣ್ಣದ ಕಾಳುಗಳು ಕಾಣುತ್ತವಲ್ಲ, ಅದೇ ನಾಯ್ಸ್. ಇದಕ್ಕೆ ಕ್ಯಾಮೆರಾ ಮಾತ್ರವಲ್ಲ, ಬೆಳಕಿನ ಸ್ವಭಾವವೂ ಕಾರಣ.

ಬೆಳಕು ಫೋಟಾನ್ ಎಂಬ ಕಣಗಳಾಗಿ ಬರುತ್ತದೆ. ಅಂಗಳದಲ್ಲಿ ಲೋಟಗಳನ್ನು ಸಾಲಾಗಿ ಇಟ್ಟಿದ್ದೇವೆ, ತುಂತುರು ಮಳೆ ಶುರುವಾಗಿದೆ ಎಂದು ಭಾವಿಸಿ. ಸರಾಸರಿ 100 ಹನಿ ಬೀಳುವ ಹೊತ್ತಿಗೆ ಒಂದು ಲೋಟದಲ್ಲಿ 90, ಪಕ್ಕದ್ದರಲ್ಲಿ 110 ಹನಿ ಇರಬಹುದು. ಅಂದರೆ ಸುಮಾರು 10% ಏರುಪೇರು. ಮಳೆ ಜೋರಾಗಿ ಸರಾಸರಿ 10,000 ಹನಿ ಬಿದ್ದರೆ ಏರುಪೇರು 100ರ ಆಸುಪಾಸು, ಅಂದರೆ ಬರಿಯ 1%. ಕ್ಯಾಮೆರಾ ಸಂವೇದಕದ ಚುಕ್ಕೆಗಳೂ ಈ ಲೋಟಗಳಂತೆಯೇ. ಬೆಳಕು ಕಡಿಮೆಯಾದಷ್ಟೂ ಪಕ್ಕಪಕ್ಕದ ಚುಕ್ಕೆಗಳ ನಡುವೆ ವ್ಯತ್ಯಾಸ ಹೆಚ್ಚು. ಮೊಬೈಲಿನ ಸಂವೇದಕ ಚಿಕ್ಕದು, ಅಂದರೆ ಲೋಟಗಳ ಬಾಯಿಯೂ ಚಿಕ್ಕದು.

ಐಎಸ್‌ಒ ಹೆಚ್ಚಿಸಿದರೆ ಚಿತ್ರ ಬೆಳಗುತ್ತದೆ ನಿಜ. ಆದರೆ ಅದರಿಂದ ಹೊಸ ಬೆಳಕೇನೂ ಬರುವುದಿಲ್ಲ, ಬಂದಷ್ಟೇ ಬೆಳಕಿನ ಸಂಕೇತ ದೊಡ್ಡದಾಗುತ್ತದೆ, ಜೊತೆಗೆ ಏರುಪೇರೂ.

ಹಾಗಾದರೆ ತಂತ್ರಾಂಶದಲ್ಲಿ ತಿದ್ದಬಹುದಲ್ಲ? ಮಿತವಾಗಿ ತಿದ್ದಬಹುದು. ನಾಯ್ಸ್ ತೆಗೆಯುವ ತಂತ್ರಾಂಶ ಅಕ್ಕಪಕ್ಕದ ಚುಕ್ಕೆಗಳನ್ನು ಬೆರೆಸಿ ನಯ ಮಾಡುತ್ತದೆ. ಅತಿಯಾದರೆ ಕೂದಲು, ಎಲೆ, ಚರ್ಮ ಎಲ್ಲ ಮೇಣದಂತಾಗುತ್ತವೆ. ಜೆಪೆಗ್ ಚಿತ್ರವನ್ನು ಮತ್ತೆ ಮತ್ತೆ ತಿದ್ದಿ ಉಳಿಸಿದಾಗಲೂ ವಿವರ ಸವೆಯುತ್ತದೆ. ಇದೂ ತಿರಸ್ಕಾರಕ್ಕೆ ಕಾರಣವಾಗಬಲ್ಲದು.

ಫೋಟೋ ನಮ್ಮದು, ಮುಖ ಯಾರದು?

2007ರಲ್ಲಿ ಅಮೆರಿಕಾದ ಟೆಕ್ಸಾಸ್‌ನ ಹದಿಹರೆಯದ ಹುಡುಗಿಯೊಬ್ಬಳ ಫೋಟೋ ದೂರದ ಆಸ್ಟ್ರೇಲಿಯಾದಲ್ಲಿ ವರ್ಜಿನ್ ಮೊಬೈಲ್ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ಪರಿಚಿತರೊಬ್ಬರು ತೆಗೆದು ಫ್ಲಿಕರ್‌ನಲ್ಲಿ ಮುಕ್ತ ಪರವಾನಗಿಯೊಡನೆ ಹಾಕಿದ್ದ ಚಿತ್ರ ಅದು. ತೆಗೆದವರ ಅನುಮತಿ ಪರವಾನಗಿಯಲ್ಲೇ ಇತ್ತು, ಚಿತ್ರದಲ್ಲಿದ್ದವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕುಟುಂಬ ನ್ಯಾಯಾಲಯಕ್ಕೆ ಹೋಯಿತು. ಆಸ್ಟ್ರೇಲಿಯಾದ ಕಂಪನಿಯ ಮೇಲೆ ತನಗೆ ಅಧಿಕಾರವ್ಯಾಪ್ತಿ ಇಲ್ಲವೆಂದು ಅಲ್ಲಿನ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು.

ಫೋಟೋದ ಹಕ್ಕು ಬೇರೆ, ಅದರಲ್ಲಿರುವ ವ್ಯಕ್ತಿಯ ಒಪ್ಪಿಗೆ ಬೇರೆ ಎನ್ನುವುದನ್ನು ಈ ಪ್ರಕರಣ ತೋರಿಸುತ್ತದೆ. ಅದಕ್ಕೇ ಗುರುತು ಸಿಗುವ ಯಾರೇ ಇದ್ದರೂ 'ಮಾಡೆಲ್ ರಿಲೀಸ್' ಎಂಬ ಒಪ್ಪಿಗೆಪತ್ರ ಕೇಳುತ್ತಾರೆ. ಮಕ್ಕಳಾದರೆ ತಂದೆ, ತಾಯಿ ಅಥವಾ ಪೋಷಕರ ಸಹಿ ಬೇಕು. ಸಂತೆಯಲ್ಲಿ ಹೂ ಮಾರುವ ಅಜ್ಜಿಯ ಚಿತ್ರ ಎಷ್ಟೇ ಚೆನ್ನಾಗಿರಲಿ, ನಾಳೆ ಅದು ಕಾಯಿಲೆಯ ಔಷಧಿಯ ಜಾಹೀರಾತಿನಲ್ಲೂ ಬರಬಹುದು. ಅಜ್ಜಿ ಅದಕ್ಕೆ ಒಪ್ಪಿದ್ದಾರೆಯೇ?

ವಸ್ತುಗಳಿಗೂ ಇಂತಹುದೇ ನಿಯಮಗಳಿವೆ. ಅಂಗಿಯ ಮೇಲಿನ ಲೋಗೋ, ಕಾರಿನ ಚಿಹ್ನೆ, ಗೋಡೆಯ ಮೇಲಿನ ಕಲಾಕೃತಿ ಇವೆಲ್ಲ ಬೇರೆಯವರ ಸೊತ್ತು. ಐಫೆಲ್ ಗೋಪುರದ ಹಗಲಿನ ಚಿತ್ರಕ್ಕೆ ತಕರಾರಿಲ್ಲ, ಆದರೆ ಅದರ ರಾತ್ರಿಯ ದೀಪವಿನ್ಯಾಸಕ್ಕೆ ಹಕ್ಕುಸ್ವಾಮ್ಯವಿದೆ. ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆ ಕಟ್ಟಡಗಳ ಫೋಟೋ ತೆಗೆದು ಪ್ರಕಟಿಸಲು ಅವಕಾಶ ಕೊಡುತ್ತದೆ. ಹಾಗಿದ್ದೂ ಮುಂಬಯಿಯ ತಾಜ್ ಮಹಲ್ ಹೋಟೆಲು 2017ರಲ್ಲಿ ತನ್ನ ಕಟ್ಟಡದ ರೂಪವನ್ನೇ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡಿದೆ. ಚಿತ್ರಗಳು ಜಗತ್ತಿನಾದ್ಯಂತ ಮಾರಾಟವಾಗುವುದರಿಂದ ಅಂಗಡಿಗಳು ಕಟ್ಟುನಿಟ್ಟಾಗಿರುತ್ತವೆ.

ಸುದ್ದಿ, ಶಿಕ್ಷಣದ ಬಳಕೆಗೆ 'ಎಡಿಟೋರಿಯಲ್' ಎಂಬ ಪ್ರತ್ಯೇಕ ವಿಭಾಗವಿದೆ. ಜಾತ್ರೆ, ಮೆರವಣಿಗೆ, ರಸ್ತೆಯ ಚಿತ್ರಗಳನ್ನು ಆ ವಿಭಾಗಕ್ಕೆ ಸಲ್ಲಿಸಿದರೆ ಒಪ್ಪಿಗೆಪತ್ರವಿಲ್ಲದೆಯೂ ಸ್ವೀಕಾರವಾಗುವ ಸಾಧ್ಯತೆ ಇರುತ್ತದೆ.

ಇನ್ನೊಂದು ಸೂರ್ಯೋದಯ ಏಕೆ?

ದೋಷವಿಲ್ಲದ ಚಿತ್ರವೂ ತಿರಸ್ಕೃತವಾಗಬಹುದು. ಒಂದೇ ಇಡ್ಲಿ ತಟ್ಟೆಯ 20 ಚಿತ್ರ ಕಳುಹಿಸಿದರೆ 'ಒಂದೇ ಬಗೆಯವು' ಎಂಬ ಕಾರಣಕ್ಕೆ ಹಲವು ಹಿಂದಿರುಗುತ್ತವೆ. ಸೂರ್ಯೋದಯ, ಹೂವು, ಬೆಕ್ಕಿನ ಮರಿಗಳಿಗಂತೂ ಬರವಿಲ್ಲ. ಚಿತ್ರಕ್ಕೆ ಸಂಬಂಧವಿಲ್ಲದ ಕೀವರ್ಡ್‌ಗಳನ್ನು ತುಂಬಿದರೂ ಕಷ್ಟ, ಏಕೆಂದರೆ ಕೊಳ್ಳುವವರು ಹುಡುಕುವುದು ಪದಗಳಿಂದಲೇ.

ಕೊಳ್ಳುವವರಿಗೆ ಬೇಕಾದದ್ದು ಉಪಯೋಗ. ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡದ ಚಿತ್ರ ನೆನಪಿದೆಯೇ? ಚಾರ್ಲ್ಸ್ ಓ'ರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಆ ಚಿತ್ರ ಮೈಕ್ರೋಸಾಫ್ಟ್‌ಗೆ ಸಿಕ್ಕಿದ್ದು ಸ್ಟಾಕ್ ಸಂಗ್ರಹದಿಂದ. ಗುಡ್ಡ, ಆಕಾಶ, ಮೋಡ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ಐಕಾನ್‌ಗಳಿಗೆ ಬೇಕಾದಷ್ಟು ಜಾಗವಿದೆ!

ಕಳುಹಿಸುವ ಮುನ್ನ

ಕ್ಯಾಮೆರಾದ ಮೂಲ ಕಡತವನ್ನೇ ಬಳಸೋಣ. ಕಂಪ್ಯೂಟರಿನಲ್ಲಿ 100% ಗಾತ್ರಕ್ಕೆ ಹಿಗ್ಗಿಸಿ, ಮೂಲೆಯಿಂದ ಮೂಲೆಗೆ ನೋಡೋಣ. ಲೋಗೋ ಮತ್ತು ಮುಖಗಳನ್ನು ಗಮನಿಸಿ, ಒಪ್ಪಿಗೆಪತ್ರವನ್ನು ಫೋಟೋ ತೆಗೆದ ದಿನವೇ ಪಡೆಯೋಣ. ಇಪ್ಪತ್ತರಲ್ಲಿ ಎರಡನ್ನೇ ಆರಿಸೋಣ.

ಆಮೇಲೂ ತಿರಸ್ಕಾರ ಬಂದರೆ ಕೊಟ್ಟ ಕಾರಣವನ್ನು ಓದಿ, ತಿದ್ದಲು ಸಾಧ್ಯವಾದರೆ ತಿದ್ದಿ ಮತ್ತೆ ಕಳುಹಿಸಬಹುದು. ನಂದಿಬೆಟ್ಟದ ಆ ಫೋಟೋ ಮಾತ್ರ ಮನೆಯ ಗೋಡೆಗೆ ಈಗಲೂ ಚೆಂದವೇ. ಅದಕ್ಕೆ ಯಾವ ಪರಿಶೀಲಕರ ಒಪ್ಪಿಗೆಯೂ ಬೇಕಿಲ್ಲ.