ಗುಳಿಗೆ ನುಂಗುವ ತಾಯಿಗೆ ಕೂಸು ಸಿಗುವುದಿಲ್ಲವೇ?

ಮಲಪ್ರಭೆಯ ದಂಡೆಯ ಶಿವಯೋಗ ಮಂದಿರದಲ್ಲಿ ಹೆತ್ತವರಿಂದ ದೂರ ಬೆಳೆಯುವ ವಟುಗಳಿದ್ದಾರೆ. 1909ರಲ್ಲಿ ಹಾನಗಲ್ ಕುಮಾರಸ್ವಾಮಿಗಳು ಸ್ಥಾಪಿಸಿದ ಈ ಸಂಸ್ಥೆಗೆ ಮಗನನ್ನು ಒಪ್ಪಿಸುವುದು ಭಕ್ತರ ಲೆಕ್ಕದಲ್ಲಿ ಪುಣ್ಯ. ಬಾದಾಮಿ, ಹುನಗುಂದದ ಸೀಮೆಯಲ್ಲಿ ಇನ್ನೊಂದು ಅಗಲಿಕೆಯೂ ಉಂಟು. ಅದಕ್ಕೆ ಯಾರೂ ತಾಯಿಯನ್ನು ಕೇಳುವುದಿಲ್ಲ. ‘ಆಕಿ ತಲಿ ನೆಟ್ಟಗಿಲ್ಲ’ ಎಂದು ಕಟ್ಟೆಯ ಮೇಲೆ ನಾಲ್ವರು ಅಂದರೆ ಸೊಸೆ ತವರಿಗೆ, ಕೂಸು ಗಂಡನ ಮನೆಗೆ. ಕೋರ್ಟು ಅಷ್ಟು ಸಲೀಸಾಗಿ ಹಾಗೆ ಮಾಡುವಂತಿಲ್ಲ. ಊರಲ್ಲಿ ಕೇಳಿಬರುವ ಇಂಥ ಮಾತುಗಳನ್ನು ಒಂದೊಂದಾಗಿ ನೋಡೋಣ.

‘ಕಾಯಿಲೆಗೆ ಹೆಸರು ಬಿತ್ತೋ, ಮಗು ಹೋಯ್ತು.’

ಹಾಗೆಂದು ಯಾವ ಕಾಯ್ದೆಯಲ್ಲೂ ಇಲ್ಲ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಾಗಲಿ, 1956ರ ಹಿಂದೂ ಪೋಷಕತ್ವ ಕಾಯ್ದೆಯಾಗಲಿ ನೋಡುವುದು ಮಗುವಿನ ಹಿತವನ್ನು. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುತ್ತದೆ ಎರಡನೆಯದು. 1988ರಲ್ಲಿ ರಾಮ್ ನಾರಾಯಣ್ ಗುಪ್ತಾ ಅವರ ವಿಚ್ಛೇದನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಸ್ಕಿಜೋಫ್ರೇನಿಯಾ ಎಂಬ ಹೆಸರೊಂದೇ ಸಾಲದು, ಅದರ ತೀವ್ರತೆ ಎಷ್ಟೆಂದು ನೋಡಬೇಕು ಎಂದಿತು. ಮಾನಸಿಕ ಕಾಯಿಲೆ ಇದೆ ಎಂದಮಾತ್ರಕ್ಕೆ ಬುದ್ಧಿಸ್ವಾಧೀನ ಇಲ್ಲವೆಂದು ತಿಳಿಯಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಹಾಗಾಗಿ ನಡೆಯಬೇಕಾದ ವಿಚಾರಣೆಯೇ ಬೇರೆ: ಮಗುವಿಗೆ ಉಣಿಸುವವರು ಯಾರು, ಶಾಲೆಗೆ ಕಳಿಸುವವರು ಯಾರು, ಆಕೆಗೆ ಕಾಯಿಲೆ ಜೋರಾದ ದಿನ ಕೈ ಹಿಡಿಯುವವರು ಮನೆಯಲ್ಲಿ ಯಾರಿದ್ದಾರೆ.

ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ ಎಂಬುದೂ ಅಷ್ಟೇ ತಪ್ಪು. ಮಗುವಿನ ಜೀವಕ್ಕೆ ಅಪಾಯವಿದ್ದರೆ ನ್ಯಾಯಾಧೀಶರು ಬೇರೆಯವರ ಸುಪರ್ದಿಗೆ ಕೊಡಬಹುದು, ತಾಯಿಯೋ ತಂದೆಯೋ ಇನ್ನೊಬ್ಬರ ಎದುರಿನಲ್ಲಷ್ಟೇ ಭೇಟಿಯಾಗಲಿ ಎನ್ನಬಹುದು. ತಂದೆಯೋ ಅಂದೆನಲ್ಲ, ದಿನಾ ಕುಡಿದು ಬೀಳುವವನನ್ನು ಕಟ್ಟೆಯವರು ಈ ಸಾಲಿಗೆ ಸೇರಿಸಿದ್ದನ್ನು ನಾನಂತೂ ಕೇಳಿಲ್ಲ.

‘ಗುಳಿಗಿ ತಗೊಂಡ್ರ ಕೋರ್ಟಿನ್ಯಾಗ ಸಿಕ್ಕಿಬೀಳ್ತಿ.’

ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವ ಮಾತಿದು. ಹೆದರಿದವರು ಧಾರವಾಡದ ಮಾನಸಿಕ ಆಸ್ಪತ್ರೆಯ ಚೀಟಿ ಹರಿದುಹಾಕುತ್ತಾರೆ, ಔಷಧ ಬಿಡುತ್ತಾರೆ, ಕಾಯಿಲೆ ಮರುಕಳಿಸುತ್ತದೆ. ಎದುರಿನ ವಕೀಲರಿಗೆ ಬೇಕಾದದ್ದೂ ಅದೇ. ಹಿಂದೊಮ್ಮೆ ಚಿಕಿತ್ಸೆ ಪಡೆದದ್ದಷ್ಟನ್ನೇ ಆಧಾರ ಮಾಡಿಕೊಂಡು ಈಗಲೂ ರೋಗಿ ಎನ್ನುವಂತಿಲ್ಲ ಎಂದು 2017ರ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದೂ ಅದರಲ್ಲಿ ರೋಗಿಯ ಹಕ್ಕು. ವೈದ್ಯಕೀಯ ಪರೀಕ್ಷೆಗೆ ಕೋರ್ಟು ಆದೇಶಿಸಬಹುದು ನಿಜ, ಆದರೆ ಮೇಲ್ನೋಟಕ್ಕೇ ಬಲವಾದ ಆಧಾರ ಬೇಕೆಂದು 2003ರ ಶಾರದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಯಿಲೆ ಇದೆಯೆಂದು ಒಬ್ಬರು ತಂದ ಪುರಾವೆಯನ್ನು ಇನ್ನೊಬ್ಬರು ಅಲ್ಲಗಳೆದರೆ ಅದು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು. ವಾಟ್ಸಾಪಿನಲ್ಲಿ ಬಂದ ಚೀಟಿಯ ಫೋಟೊ ತೀರ್ಪಾಗುವುದಿಲ್ಲ.

‘ಬಾಣಂತಿ ಸನ್ನಿ ಆದಾಕಿ ಹತ್ರ ಕೂಸು ಬಿಡಬ್ಯಾಡ್ರಿ.’

ಹೆರಿಗೆಯ ಬೆನ್ನಿಗೆ ಬರುವ ತೀವ್ರ ಕಾಯಿಲೆಯಲ್ಲಿ ಅಪಾಯ ಇದ್ದೇ ಇದೆ, ಆಸ್ಪತ್ರೆಗೆ ಒಯ್ಯಲು ತಡ ಮಾಡಬಾರದು. ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಮೂರು ವರ್ಷದೊಳಗಿನ ಮಗುವನ್ನು ದಾಖಲಾದ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದೆನ್ನುತ್ತದೆ ಅದೇ 2017ರ ಕಾಯ್ದೆ. ಅಪಾಯವಿದೆಯೆಂದು ತಜ್ಞರು ಬೇರೆ ಮಾಡಿದರೂ ಹದಿನೈದು ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಒಂದೇ ಸಮನೆ 30 ದಿನ ದಾಟಿದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಕಟ್ಟೆಯವರ ಅಗಲಿಕೆಗೆ ಇಂಥ ಗಡುವು ಯಾವುದು?

‘ಬಾಂಡ್ ಪೇಪರಿನ ಮ್ಯಾಲ ಸಹಿ ಆಗೇತಿ, ಮುಗೀತು.’

ಮುಗಿಯುವುದಿಲ್ಲ. ಆ ಕಾಗದ ಕೋರ್ಟಿನ ಆದೇಶವಲ್ಲ. ಕೋರ್ಟಿನ ಆದೇಶವನ್ನೇ ಮಗುವಿನ ಹಿತಕ್ಕಾಗಿ ಬದಲಿಸಬಹುದೆಂದು 1973ರ ರೋಸಿ ಜೇಕಬ್ ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತ ಬಂದಿದೆ. ಅಂದು ಮಗುವನ್ನು ಬಿಟ್ಟುಕೊಟ್ಟವಳು ಗುಣವಾದ ಮೇಲೆ ಮತ್ತೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗಲು ಆದಾಯದ ಮಿತಿಯೂ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು. ಮನಸ್ಸಿನ ತೊಂದರೆಗೆ ಟೆಲಿಮನಸ್ ಸಹಾಯವಾಣಿ ಇದೆ, ಸಂಖ್ಯೆ 14416.